ಗುರುಬಸವ್ವನ ಮೊಳಕಾಲು, ನಾನು ತಂದ ಬೂಟು

ಹೆಂಗಸರ ಮೊಳಕಾಲಿಗೆ ನೋವು ಬಂದರೆ ಕಾರಣ ಹೇಳಲು ನಮ್ಮ ಉಗರಗೋಳದಲ್ಲಿ ಪ್ರತಿಯೊಬ್ಬನೂ ಡಾಕ್ಟರ. ವಯಸ್ಸಾಯಿತು ಅನ್ನುವವನೊಬ್ಬ, ವಾಯು ಅನ್ನುವವನೊಬ್ಬ, ಮೈ ಬಂತು ಅನ್ನುವವನೊಬ್ಬ. ನೋಯುವ ಕಾಲನ್ನು ಒಂದು ಸಲ ನೋಡೋಣ ಅನ್ನುವವನು ಮಾತ್ರ ಒಬ್ಬನೂ ಇಲ್ಲ. ಗುರುಬಸವ್ವನ ಸಂಗತಿಯನ್ನು ಈಗ ನೆನೆದರೂ ನನಗೆ ಮೈ ಉರಿಯುತ್ತದೆ. ಆ ಮಂದಿಯಲ್ಲಿ ನಾನೂ ಒಬ್ಬನಿದ್ದೆ ಎಂಬುದಕ್ಕೆ ಇನ್ನೂ ಹೆಚ್ಚು ಉರಿಯುತ್ತದೆ.

ನಾನು ನೀಲಕಂಠ. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಮಾಸ್ತರನಾಗಿದ್ದು, ನಿವೃತ್ತಿಯಾದ ಮೇಲೆ ಊರಿಗೆ ಬಂದು ಕೂತವನು. ಗುರುಬಸವ್ವ ನಮ್ಮ ಮನೆಯಿಂದ ಮೂರನೇ ಮನೆಯವಳು, ಅಂಗನವಾಡಿ ಕಾರ್ಯಕರ್ತೆ. ಗಂಡ ವೀರಪ್ಪನಿಗೆ ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ ಕಾಯಿ ಕರ್ಪೂರದ ಅಂಗಡಿ. ಅತ್ತೆ ಲಗಮವ್ವ ಹಗಲೆಲ್ಲ ಅಲ್ಲೇ ಕೂತು ಕುಂಕುಮ ಪೊಟ್ಟಣ ಕಟ್ಟುತ್ತಾಳೆ.

ತೊಂಬತ್ತೆಂಟರಲ್ಲಿ, ನಲವತ್ತೊಂದನೇ ವಯಸ್ಸಿಗೆ, ಗುರುಬಸವ್ವನಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಆಕೆಯ ತಾಯಿ ಅದೇ ಕಾಯಿಲೆಯಿಂದ ಕಣ್ಣು ಕಳೆದುಕೊಂಡು, ಆರು ವರ್ಷ ಗೋಡೆ ಹಿಡಿದು ಅಡ್ಡಾಡಿ ಸತ್ತವಳು. ಮಗಳಿಗೆ ಹೆದರಿಕೆಯಿಂದ ಜೀವ ಹಾರಿದಂತಾಗಿತ್ತು. ಸವದತ್ತಿಯ ಡಾಕ್ಟರು ದಿನಾ ಒಂದು ತಾಸು ನಡೆಯಿರಿ ಅಂದರು. ಹೇಳಲು ಅವರಿಗೇನು? ಎಮ್ಮೆ ಐದಕ್ಕೆ ಒದರುತ್ತದೆ, ಆರಕ್ಕೆ ನಳದ ಮುಂದೆ ಕೊಡಗಳ ಸಾಲು ನಿಲ್ಲುತ್ತದೆ.

"ನನ್ನ ಕಡೆ ಇರೂದು ಅರ್ಧ ತಾಸರಿ ಮಾಸ್ತರ" ಎಂದಳು ಗುರುಬಸವ್ವ ಒಂದು ದಿನ. "ಒಂದ ತಾಸಿನ ನಡಿಗಿ ಅದರಾಗ ಮುಗೀಬೇಕಂದ್ರ ಓಡಬೇಕ."

ಓಡಿದಳು. ಸೀರೆಗೆ ಕಚ್ಚೆ ಹಾಕಿ, ಸೆರಗು ಬಿಗಿದು, ಬರಿಗಾಲಲ್ಲಿ ಹೊಲದ ದಾರಿ ಹಿಡಿದು ಓಡಿದಳು. ಮೊದಲ ವಾರ ಊರಿಗೆ ಬೇರೆ ಮಾತೇ ಇರಲಿಲ್ಲ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವನೊಬ್ಬ, "ಯಾವ ನಾಯಿ ಬೆನ್ನ ಹತ್ತೇತಬೇ ಅಕ್ಕಾ?" ಎಂದು ಕೂಗಿದ. "ಸಕ್ಕರಿ ಬೆನ್ನ ಹತ್ತೇತೋ ಯಪ್ಪಾ, ನೀ ಹಾದಿ ಬಿಡು" ಎಂದು ಓಡುತ್ತಲೇ ಉತ್ತರ ಕೊಟ್ಟಳು. ಐದು ತಿಂಗಳಲ್ಲಿ ಸಕ್ಕರೆ ಇಳಿಯಿತು. ಎರಡು ಗುಳಿಗೆ ಒಂದಾಯಿತು. ಮುಖಕ್ಕೆ ಕಳೆ ಬಂತು. ಓಡುವಾಗ ಏನು ಹಿತ ಅನಿಸುತ್ತದೆ ಎಂದು ಕೇಳಿದ್ದಕ್ಕೆ, "ಆಗ ಯಾರೂ ನನ್ನ ಕರಿಯೂದಿಲ್ರಿ" ಎಂದಳು.

ಇಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಬಿಡಲಿಲ್ಲ. ಒಂದು ಬೆಳಿಗ್ಗೆ ಆಕೆ ದಾರಿಯ ಬದಿಗೆ ಕೂತು ಜಾಲಿಮುಳ್ಳು ಕೀಳುತ್ತಿದ್ದಳು. ಸಕ್ಕರೆಯವರ ಕಾಲಿಗೆ ಗಾಯ ಆಗಬಾರದು, ಬೂಟು ಹಾಕಿಕೊಂಡೇ ಓಡಬೇಕು ಎಂದು ಗದರಿದೆ. ಆ ಮಾತೇನೂ ತಪ್ಪಲ್ಲ. ಮುಂದೆ ಮಾಡಿದ್ದು ತಪ್ಪು.

ನಮ್ಮ ಕಡೆ ಹೆಂಗಸರು ಚಪ್ಪಲಿ ಅಂಗಡಿಗೆ ಹೋಗುವುದು ಕಡಿಮೆ, ಅವರ ಅಳತೆ ಹೋಗುತ್ತದೆ. ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಒಂದು ಕಡ್ಡಿ ಹಿಡಿದು ಮುರಿದು, ಪೇಟೆಗೆ ಹೊರಟವನ ಕೈಗೆ ಕೊಡುತ್ತಾರೆ. ಗುರುಬಸವ್ವನೂ ಜೋಳದ ದಂಟಿನ ಕಡ್ಡಿ ಮುರಿದು ಕೊಟ್ಟಳು. ಅದನ್ನು ಜೇಬಿನಲ್ಲಿಟ್ಟುಕೊಂಡು ನಾನು ಬೈಲಹೊಂಗಲದ ಬಜಾರಕ್ಕೆ ಹೋದೆ. ಸಾವಿರಾರು ಹುಡುಗರನ್ನು ಓಡಿಸಿದ ಮಾಸ್ತರ, ಒಂದು ಕಡ್ಡಿ ಹಿಡಿದುಕೊಂಡು ಬೂಟು ಆರಿಸಲು.

ಅಂಗಡಿಯವನು, "ಹೆಣ್ಮಗಳು ಓಡತಾಳ್ರಿ? ಯಾಕ, ಏನಾಗೇತಿ ಆಕಿಗೆ?" ಎಂದ. ಕಪಾಳಕ್ಕೆ ಬಿಡಬೇಕು ಅನಿಸಿತು. ಹೆಂಗಸರ ಓಡುವ ಬೂಟು ತನ್ನ ಅಂಗಡಿಯಲ್ಲಷ್ಟೇ ಅಲ್ಲ, ಈ ಸೀಮೆಯಲ್ಲೇ ಬರುವುದಿಲ್ಲ ಎಂದು ದೊಡ್ಡ ಸುದ್ದಿಯಂತೆ ಹೇಳಿ, ಹುಡುಗರ ಐದನೇ ನಂಬರಿನ ಕ್ಯಾನ್ವಾಸ್ ಬೂಟು ತೆಗೆದ. ಕಡ್ಡಿ ಒಳಗೆ ಸಲೀಸಾಗಿ ಕೂತಿತು. ಇನ್ನೂ ಒಂದು ಬೆರಳು ಜಾಗವಿತ್ತು. ಖುಷಿಯಿಂದ ತಂದುಕೊಟ್ಟೆ.

ಹದಿನೈದು ದಿನಕ್ಕೆ ಮೊಳಕಾಲು ನೋವು ಶುರುವಾಯಿತು. ಮೊದಲು ಬಲಗಾಲು, ಆಮೇಲೆ ಎರಡೂ. ಆಗ ನೋಡಬೇಕಿತ್ತು ಊರಿನ ಸಂಭ್ರಮ. ನಾವು ಮೊದಲೇ ಹೇಳಿರಲಿಲ್ಲವೇ ಎಂದು ಕಂಡವರೆಲ್ಲ ಹೇಳಿದರು. ಒಬ್ಬಾಕೆ ಔಡಲ ಎಲೆ ಬಿಸಿ ಮಾಡಿ ಕಟ್ಟಿದಳು, ಇನ್ನೊಬ್ಬಾಕೆ ಎಳ್ಳೆಣ್ಣೆ ತಿಕ್ಕಿದಳು. ಸವದತ್ತಿಯ ಡಾಕ್ಟರು ಕುರ್ಚಿಯಿಂದ ಏಳದೆ, "ನಡೀರಿ ಅಂದಿದ್ದೆ, ಓಡ್ರಿ ಅಂತ ಯಾರ ಹೇಳಿದ್ರು?" ಎಂದು ಚೀಟಿ ಬರೆದರು. ಓದಿದ ಮನುಷ್ಯ, ಒಂದು ಸಲ ಬಗ್ಗಿ ನೋಡಲು ಸೊಂಟ ಮುರಿಯುತ್ತಿತ್ತೇ?

ನಾನೇನು ಕಡಿಮೆ? ಬೂಟಿನ ತಳ ತೆಳು ಅಂದೆ. ಮತ್ತೆ ಬೈಲಹೊಂಗಲಕ್ಕೆ ಹೋಗಿ ದಪ್ಪ ತಳದ ಬಣ್ಣದ ಬೂಟು ತಂದೆ. ಅಳತೆಗೆ ಅದೇ ಕಡ್ಡಿ. ನೋವು ದುಪ್ಪಟ್ಟಾಯಿತು. ಆಕೆ ಓಡುವುದನ್ನು ಹಿಂದಿನಿಂದ ನೋಡಿದೆ. ಪಾದದ ಹೊರಗಿನ ಅಂಚಿನ ಮೇಲೆ ಭಾರ ಹಾಕಿ, ಕಾಲು ತಿರುವಿಕೊಂಡು ಓಡುತ್ತಿದ್ದಳು. ಹಾಗೆ ಓಡಿದರೆ ಕಲ್ಲಿನ ಮೊಳಕಾಲೂ ನೋಯಬೇಕು. "ಕಾಲ ನೆಟ್ಟಗ ಇಡು" ಎಂದು ಬೈದೆ. ಸೊಟ್ಟ ಯಾಕೆ ಇಡುತ್ತಾಳೆ ಎಂದು ಕೇಳಬೇಕೆಂದು ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನನ್ನ ಮಾಸ್ತರಿಕೆ.

ಓಟ ನಿಂತಿತು. ಒಂದೂವರೆ ತಿಂಗಳಲ್ಲಿ ಸಕ್ಕರೆ ಮತ್ತೆ ಏರಿತು, ಒಂದು ಗುಳಿಗೆ ಮತ್ತೆ ಎರಡಾಯಿತು. ಗುರುಬಸವ್ವ ಆಗಾಗ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರಿನ ಅಂಕಿ ಓದಿ ನೋಡುತ್ತಾಳೆಂದು ನನ್ನ ಹೆಂಡತಿ ಶಾಂತಾಬಾಯಿ ಹೇಳಿದಳು.

ಕಾರಣ ಕಂಡದ್ದು ಶಾಂತಾಬಾಯಿಗೆ. ಒಂದು ಸಂಜೆ ಗುರುಬಸವ್ವನನ್ನು ಕರೆಸಿ, ಇನ್ನೊಮ್ಮೆ ಬೂಟು ಹಾಕಿ ನಡೆದು ತೋರಿಸು ಎಂದಿದ್ದೆ. ನಾಲ್ಕು ಹೆಜ್ಜೆ ನಡೆದು, ನಮ್ಮ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದಳು. ಪರರ ಮನೆಯ ಹೆಣ್ಣುಮಗಳ ಕಾಲು ನೋಡುವುದು ಸರಿಯಲ್ಲ ಎಂದು ನಾನು ರಸ್ತೆಯ ಕಡೆ ಮುಖ ಮಾಡಿದ್ದೆ.

"ಅಯ್ಯ, ಇದೇನ ಗುರುಬಸವ್ವಾ?" ಎಂದಳು ಶಾಂತಾಬಾಯಿ. ಆಮೇಲೆ ನನ್ನ ಕಡೆ ತಿರುಗಿದಳು. "ಇಷ್ಟ ದಿನಾ ಮೊಳಕಾಲಿಗೆ ಔಷಧ ಹುಡುಕಲಿಕ್ಕೆ ಹತ್ತೀರಲ್ಲ, ಆಕಿ ಬೆರಳ ನೋಡೀರೇನು? ಮೂರು ಸುತ್ತಿನ ಕಾಲುಂಗುರ ಅವ. ಬೂಟಿನ್ಯಾಗ ಒತ್ತಿ ಒತ್ತಿ ಮಗ್ಗಲ ಬೆರಳು ಹುಣ್ಣಾಗ್ಯಾವ. ಅದನ್ನ ಉಳಿಸಿಕೊಳ್ಳಲಿಕ್ಕೆ ಕಾಲು ತಿರುವತಾಳ."

ಕಡ್ಡಿ ಉದ್ದ ಹೇಳುತ್ತದೆ. ಬೆರಳಿನ ಮೇಲೆ ಬೆಳ್ಳಿ ಎಷ್ಟು ದಪ್ಪ ಕೂತಿದೆ ಎಂದು ಹೇಳುವುದಿಲ್ಲ. ಹುಡುಗರಿಗೆಂದು ಹೊಲಿದ ಬೂಟಿನಲ್ಲಿ ಕಾಲುಂಗುರಕ್ಕೆ ಜಾಗ ಎಲ್ಲಿಂದ ಬರಬೇಕು?

"ಗೊತ್ತಿದ್ದೂ ಯಾಕ ಬಾಯಿ ಬಿಡಲಿಲ್ಲ ನೀ?" ಎಂದು ನಾನು ಗುರುಬಸವ್ವನ ಮೇಲೆಯೇ ಹರಿಹಾಯ್ದೆ.

"ಏನಂತ ಹೇಳಲಿರಿ ಮಾಸ್ತರ? ಹೇಳಿದ್ರ ತಗಿ ಅಂತೀರಿ. ಗಂಡ ಇದ್ದಾಕಿ ತಗೀಬಾರದ್ರಿ. ನಾಳೆ ಅವರಿಗೆ ಒಂದ ಸಣ್ಣ ಜ್ವರ ಬಂದ್ರೂ ನನ್ನ ತಲಿಮ್ಯಾಲ ಬರತೈತಿ."

ಮರುದಿನ ನಾನು ನೆಟ್ಟಗೆ ವೀರಪ್ಪನ ಅಂಗಡಿಗೆ ಹೋದೆ. ಅರ್ಧ ತಾಸು ತೆಗೆದಿಟ್ಟು ಮತ್ತೆ ಹಾಕಿಕೊಂಡರೆ ಏನು ಮುಳುಗುತ್ತದೆ ಎಂದು ಕೇಳಿದೆ. ನಾನು ಮೆಲ್ಲಗೆ ಮಾತಾಡಬೇಕಿತ್ತು. ಆದರೆ ಮೈದಾನದ ದನಿಯಲ್ಲಿ ಹೇಳಿದೆ, ಕಾಯಿ ಕೊಳ್ಳಲು ನಿಂತಿದ್ದ ನಾಲ್ಕು ಮಂದಿ ತಿರುಗಿ ನೋಡಿದರು. ವೀರಪ್ಪನ ಮುಖ ಕೆಂಪಾಯಿತು.

"ನಾ ಏನ ಸತ್ತೇನೇನ್ರಿ ಮಾಸ್ತರ, ಆಕಿ ಕಾಲುಂಗುರ ತಗ್ಯಾಕ?" ಎಂದ. "ಓಡೂದ ಬ್ಯಾಡ. ಮನ್ಯಾಗ ಕುಂದರ್ಲಿ, ಗುಳಿಗಿ ತಿನ್ಲಿ. ಇನ್ನ ಈ ಮಾತ ಸಾಕು."

ಆಕೆಯ ಕಣ್ಣು, ಆಕೆಯ ಕಾಲು, ಆಕೆಯ ಅರ್ಧ ತಾಸು. ತೀರ್ಪು ಮಾತ್ರ ಈತನದು. ನನ್ನ ಸಿಟ್ಟು ನೆತ್ತಿಗೇರಿತು. ಆದರೆ ಪರರ ಸಂಸಾರ ಎಂದು ಹಿಂದೆ ಸರಿದು ನಿಂತೆ. ಅಷ್ಟರಲ್ಲಿ ಗುರುಬಸವ್ವ ಗಂಡನಿಗೂ ಅತ್ತೆಗೂ ಬುತ್ತಿ ತಂದಳು, ಒಂದೊಂದು ಹೆಜ್ಜೆಗೂ ತುಟಿ ಕಚ್ಚುತ್ತ.

ಲಗಮವ್ವ ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಕೈಯ ಕುಂಕುಮ ಒರೆಸಿಕೊಂಡಳು. "ಬಾ ಇಲ್ಲೆ, ಕುಂದರು" ಎಂದು ಸೊಸೆಯನ್ನು ತೆಂಗಿನಕಾಯಿಯ ಚೀಲದ ಮೇಲೆ ಕೂರಿಸಿ, ತಾನು ನೆಲಕ್ಕೆ ಕೂತು ಆಕೆಯ ಪಾದ ಹಿಡಿದಳು.

ಗುರುಬಸವ್ವ ಬೆಚ್ಚಿ ಕಾಲು ಹಿಂದಕ್ಕೆಳೆದಳು. "ಬ್ಯಾಡ್ರಿ ಅತ್ತಿ, ನನ್ನ ಕಾಲ ಮುಟ್ಟಬ್ಯಾಡ್ರಿ."

"ಸುಮ್ನ ಕುಂದರು."

ಮಾರಲು ಇಟ್ಟ ದೀಪದ ಎಣ್ಣೆಯ ಶೀಶೆಯ ಮುಚ್ಚಳ ತೆಗೆದು ಬೆರಳಿಗೆ ಸುರಿದಳು. ಬಾವು ಬಂದ ಬೆರಳಿನಿಂದ ಉಂಗುರ ಬರಲೊಲ್ಲದು. ತಿರುವಿ ತಿರುವಿ ಒಂದನ್ನು ತೆಗೆದಳು, ಆಮೇಲೆ ಇನ್ನೊಂದನ್ನು. ವೀರಪ್ಪ ಒಂದು ಹೆಜ್ಜೆ ಮುಂದೆ ಬಂದ. ಲಗಮವ್ವ ಮಗನ ಕಡೆ ನೋಡದೆಯೇ ಹೇಳಿದಳು.

"ನಿಮ್ಮಪ್ಪ ಜೀವಾ ಬಿಡೂವಾಗ ನನ್ನ ಕಾಲಾಗ ಕಾಲುಂಗುರ ಇದ್ದೂ. ಇಪ್ಪತ್ತೆಂಟ ವರ್ಷ ಒಂದ ದಿನಾ ತಗದಿದ್ದಿಲ್ಲ. ಹಿಡದ ಇಟ್ಟೂವೇನು ಅವರನ್ನ?"

ಕಾಯಿ ಕೊಳ್ಳಲು ಬಂದವರೂ ನಿಂತೇ ಇದ್ದರು. ವೀರಪ್ಪ ಅಲ್ಲೇ ಕಟ್ಟೆಗೆ ಕೂತ. ನಾನು ಎಂದಿನ ಸಂಕೋಚದಿಂದ ಮುಖ ತಿರುಗಿಸಿದ್ದೆ.

"ಅತ್ತಾಗ ಯಾಕ ನೋಡತೀರಿ ಮಾಸ್ತರ?" ಎಂದಳು ಲಗಮವ್ವ. "ಬೂಟ ತಂದಾವ್ರು ನೀವ. ಬರ್ರಿ, ಆಕಿ ಕಾಲ ನೋಡ್ರಿ."

ಮೊಳಕಾಲೂರಿ ಕೂತೆ. ಬೆರಳಿನ ಸುತ್ತ ಉಂಗುರದ ಮೂರು ಗೆರೆ ಕಪ್ಪಾಗಿ ಇಳಿದಿದ್ದವು, ಮಗ್ಗುಲ ಬೆರಳಿನ ಚರ್ಮ ಸುಲಿದು, ಓಟ ನಿಂತು ಇಷ್ಟು ದಿನವಾದರೂ ಮಾಯದೆ ಹಸಿಯಾಗಿತ್ತು. ಸಕ್ಕರೆಯವರ ಕಾಲಿಗೆ ಆಗಬಾರದು ಎಂದು ನಾನು ಗದರಿದ್ದ ಗಾಯ ಅದೇ. ನಾನು ತಂದ ಬೂಟಿನೊಳಗೇ ಆಗಿತ್ತು.