ನೈಟ್ರಸ್ ಸಿಲಿಂಡರಿಗೆ ಒದ್ದೆ ಗೋಣಿಚೀಲ

ಗೆಳೆಯರೇ, ಯಲ್ದೂರಿನ ಈ ಬಿಸಿಲಿನಲ್ಲಿ ಇಂದು ಮಧ್ಯಾಹ್ನ ನನ್ನ ಗಂಡ ಕಾರಿನ ನೈಟ್ರಸ್ ಸಿಲಿಂಡರನ್ನು ರೇಷ್ಮೆ ಹುಳುವಿನ ಮನೆಯೊಳಗೆ ಇಡಲು ಹೋಗಿ ಅವರಮ್ಮನ ಕೈಗೆ ಸಿಕ್ಕಿಬಿದ್ದರು.

"ಏನ್ಲಾ ಅದು?" ಎಂದರು ಅತ್ತೆ.

"ಇಂಜಿನ್ನಿಗೆ ಬಿಡೋ ಗ್ಯಾಸಮ್ಮ. ಇದಿದ್ರೆ ಗಾಡಿ ಬಾಣದ ಥರ ಹೋಗುತ್ತೆ. ಬಿಸಿಲಿಗೆ ಕಾದ್ರೆ ಒತ್ತಡ ಜಾಸ್ತಿಯಾಗಿ ಎಲ್ಲಾ ಹೊರಗೆ ಹೋಗ್ಬಿಡುತ್ತೆ. ಆಮೇಲೆ ಭಾನುವಾರ ರೇಸ್ ಇಲ್ಲ. ನಮ್ಮನೇಲಿ ತಣ್ಣಗಿರೋ ಜಾಗ ಇದೊಂದೇ."

"ಅಯ್ಯೋ ನಾಯನಾ, ಅದು ಸೋರಿದ್ರೆ ನನ್ನ ಹುಳುಗಳ ಗತಿ ಏನು? ಊದುಬತ್ತಿ ವಾಸನೇನೇ ತಡ್ಕೊಳಲ್ಲ ಅವು. ನಡಿ ಆಚೆ!"

ನಲವತ್ತೆಂಟು ವರ್ಷದ ಮನುಷ್ಯ ಸಿಲಿಂಡರನ್ನು ಎದೆಗೆ ಅವಚಿಕೊಂಡು ಅಂಗಳದಲ್ಲಿ ನಿಂತರು. ನನಗೆ ಒಳಗೊಳಗೇ ಸಮಾಧಾನ. ಅವರ ವೇಗ ಕಂಡರೆ ನನಗೆ ಭಯ. ಬಿಸಿಲೇ ರೇಸನ್ನು ನಿಲ್ಲಿಸಿದರೆ ನಾನು ಕೆಟ್ಟವಳಾಗುವುದು ತಪ್ಪುತ್ತದಲ್ಲ?

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ, ಸಿಲಿಂಡರ್ ಹೊಂಗೆ ಮರದ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದ್ದು ಮಲಗಿತ್ತು. ಪಕ್ಕದಲ್ಲಿ ಬಕೆಟ್ಟು, ಚೊಂಬು ಇಟ್ಟುಕೊಂಡು ಅತ್ತೆ ಕೂತಿದ್ದರು.

"ನಿಮಗೆ ಭಯ ಇಲ್ವಾ ಅತ್ತೆ? ಬಿಸಿಲಲ್ಲೇ ಬಿಟ್ಟಿದ್ರೆ ಅವರು ರೇಸಿಗೆ ಹೋಗ್ತಾನೇ ಇರ್ಲಿಲ್ಲ."

"ಭಯ ಇಲ್ದೆ ಏನು? ಆದ್ರೆ ಅವರಪ್ಪ ಹೋದ್ಮೇಲೆ ಅವ್ನು ಏನನ್ನಾದ್ರೂ ಬೇಕು ಅಂದಿದ್ದು ನಾನು ಕಂಡಿಲ್ಲ ಕಣಮ್ಮ" ಎಂದು ಚೊಂಬನ್ನು ನನ್ನ ಕೈಗಿಟ್ಟು ಹುಳುಗಳಿಗೆ ಸೊಪ್ಪು ಹಾಕಲು ಎದ್ದು ಹೋದರು.

ಅರ್ಧ ಮನಸ್ಸಿನಿಂದ ಸುರಿದ ನೀರಿಗೂ ಸಿಲಿಂಡರ್ ತಣ್ಣಗಾಗುತ್ತದೆ. ಮುಟ್ಟಿ ನೋಡಿದ್ದೇನೆ.