ಅಕ್ಕನ ಕೊಳ ಮತ್ತು ಮಧ್ಯಾಹ್ನದ ಕ್ಲೋರಿನ್

ಆ ಬೇಸಿಗೆ ನಾನು ಹೇಳಿಕೊಂಡು ಬಂದಷ್ಟು ಚಂದವಾಗಿತ್ತೇ ಎಂಬುದರಲ್ಲಿ ನನಗೆ ಅನುಮಾನವಿದೆ. ಈ ಕಥೆಯನ್ನು ಎಷ್ಟೋ ಊಟದ ಪಂಕ್ತಿಗಳಲ್ಲಿ ಹೇಳಿದ್ದೇನೆ. ಹೇಳಿದಂತೆಲ್ಲ ಅದರಲ್ಲಿ ನನ್ನ ಪಾತ್ರ ದೊಡ್ಡದಾಗುತ್ತ ಹೋಗಿದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಉಳಿದವರ ಮಾತನ್ನು ಶಂಕಿಸುವ ಮೊದಲು ತನ್ನ ನೆನಪನ್ನು ಶಂಕಿಸಬೇಕು. ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಕೊಳ ಇದ್ದದ್ದಂತೂ ನಿಜ. ಮಂಗಲ್ಪಾಡಿಯಲ್ಲಿ ಅಕ್ಕನ ಮನೆಯ ಹಿಂದೆ, ತೆಂಗಿನ ಮರಗಳಾಚೆಯ ಬಯಲಿನಲ್ಲಿ ಅದು ಈಗಲೂ ಇದೆ. ಗಲ್ಫಿನಿಂದ ಮರಳಿದ ಭಾವ ಆಸೆಪಟ್ಟು ಕಟ್ಟಿಸಿದ್ದು. ಅಲ್ಲಿ ಅವರಿದ್ದ ಕಟ್ಟಡದ ಕೆಳಗೆ ಒಂದು ಕೊಳವಿತ್ತಂತೆ, ಯಾವಾಗ ನೋಡಿದರೂ ನೀಲಿ ನೀರು. ಆ ನೀಲಿಯ ಹಿಂದೆ ಯಾರದೋ ದುಡಿಮೆ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ. ಊರಿಗೆ ಬಂದು ಅವರು ಕೊಳವನ್ನು ಬಾವಿಯಂತೆಯೇ ನೋಡಿಕೊಂಡರು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರನ್ನು ಬಕೆಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಬೆಳಿಗ್ಗೆ ಕೊಳಕ್ಕೆ ಸುರಿಯುತ್ತಿದ್ದರು. ಬಾವಿಯ ಆಳದ ನೆರಳಿನಲ್ಲಿ ಕ್ಲೋರಿನ್ ಉಳಿಯುತ್ತದೆ. ಕೊಳದ ಮೇಲೆ ಮಾರ್ಚ್ ತಿಂಗಳ ಬಿಸಿಲು. ಮಧ್ಯಾಹ್ನದ ಊಟಕ್ಕೆ ಮೊದಲೇ ಕ್ಲೋರಿನ್ ಹೋಗಿರುತ್ತಿತ್ತು. ವಾರ ಕಳೆಯುವುದರೊಳಗೆ ನೀರು ಹಸುರು.

"ಇನ್ನೊಂದು ಸಲ ಹಸುರಾದರೆ ಮಣ್ಣು ತುಂಬಿಸಿ ಬಸಳೆ ಚಪ್ಪರ ಹಾಕಿಸ್ತೇನೆ," ಎಂದರು ಭಾವ. "ಸೊಳ್ಳೆ ಸಾಕಲಿಕ್ಕೆ ಎಂತಕ್ಕೆ ಇಷ್ಟು ದೊಡ್ಡ ತೊಟ್ಟಿ?"

"ಬಸಳೆಗೆ ಬೇರೆ ಜಾಗ ಇಲ್ವಾ ನಿಮಗೆ?" ಎಂದಳು ಅಕ್ಕ. "ವಿಷು ಹಬ್ಬದವರೆಗೆ ಬಿಡಿ."

ಅಕ್ಕನಿಗೆ ಆಗ ಐವತ್ತು ದಾಟಿತ್ತು. ಚಿಕ್ಕಂದಿನಲ್ಲಿ ನಾವು ಹುಡುಗರು ಹೊಳೆಗೆ ಹಾರುವಾಗ ಅವಳು ದಡದಲ್ಲಿ ನಿಂತು ನಮ್ಮ ಅಂಗಿ ಕಾಯುತ್ತಿದ್ದಳು. ಈಗ ಹಳೆಯ ಚೂಡಿದಾರ ಹಾಕಿಕೊಂಡು ಕೊಳಕ್ಕಿಳಿದು ತೇಲುವುದನ್ನು ಕಲಿತಿದ್ದಳು. ಅರ್ಧದವರೆಗೆ ಈಜಿ, ಅಲ್ಲಿ ಹೆದರಿ ಕಾಲೂರುತ್ತಿದ್ದಳು. ಒಮ್ಮೆಯಾದರೂ ಕಾಲೂರದೆ ಈ ಬದಿಯಿಂದ ಆ ಬದಿಗೆ ಹೋಗಬೇಕೆಂಬುದು ಅವಳ ಹಟ. ಆದರೆ ತಳ ಕಾಣದ ನೀರಿಗೆ ಇಳಿಯಲು ಅವಳಿಗೆ ಧೈರ್ಯವಿಲ್ಲ. ನನಗೆ ಫೋನ್ ಬಂತು.

"ನೀನು ಕಲಿತದ್ದರಿಂದ ಎಂತಾದರೂ ಉಪಯೋಗ ಉಂಟಾ ನೋಡುವ. ಬಾ ಮಾರಾಯ."

ಓದಿ ನೋಡಿದೆ. ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಹಿಡಿದಿಡುವ ಸಯನ್ಯೂರಿಕ್ ಆಮ್ಲ ಎಂಬ ಬಿಳಿ ಹರಳು ಇದೆ. ಈಜುಕೊಳದವರು ಅದನ್ನು ಸ್ಟೆಬಿಲೈಜರ್ ಎನ್ನುತ್ತಾರೆ. ಮಂಗಳೂರಿನಿಂದ ಅದನ್ನೂ ಪರೀಕ್ಷೆಯ ಪೆಟ್ಟಿಗೆಯನ್ನೂ ತಂದೆ. ಹರಳು ಬೇಗ ಕರಗುವುದಿಲ್ಲ, ನೇರ ಸುರಿದರೆ ತಳದಲ್ಲಿ ಕೂರುತ್ತದೆ. ಕಾಲುಚೀಲದಲ್ಲಿ ತುಂಬಿ, ನೀರು ಸೋಸುವ ಪಂಪಿನಿಂದ ಅದು ಕೊಳಕ್ಕೆ ಮರಳುವ ಕಡೆ ತೂಗುಬಿಡಬೇಕು. ಭಾವ ಗಲ್ಫಿನಿಂದ ತಂದಿದ್ದ ದಪ್ಪ ಕಾಲುಚೀಲವೊಂದು ಕೊಳಕ್ಕಿಳಿಯಿತು. ಅಕ್ಕ ಹೋಗುತ್ತ ಬರುತ್ತ ಅದನ್ನು ತೆಂಗಿನಹಾಲು ಹಿಂಡಿದಂತೆ ಹಿಂಡುತ್ತಿದ್ದಳು. ಭಾವ ಅವತ್ತು ತೆಂಗಿನಹಾಲಿನ ಪಾಯಸ ಬೇಡವೆಂದರು ಎಂದು ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಕೆಲವು ದಿನ ಬಿಟ್ಟು ಪರೀಕ್ಷೆ ಮಾಡಿದೆವು. ಕೊಳದ ನೀರಿಗೆ ಪೆಟ್ಟಿಗೆಯಲ್ಲಿದ್ದ ದ್ರಾವಣವನ್ನು ಅಷ್ಟೇ ಅಳತೆಯಲ್ಲಿ ಸೇರಿಸಿ ಕುಲುಕಿದರೆ ನೀರು ಹಾಲಿನಂತೆ ಮಬ್ಬಾಗುತ್ತದೆ. ಬಿಸಿಲಿಗೆ ಬೆನ್ನು ಹಾಕಿ ನಿಂತು, ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಗೆ ಅದನ್ನು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಮೇಲಿನಿಂದ ನೋಡುವಾಗ ಚುಕ್ಕೆ ಎಲ್ಲಿ ಮರೆಯಾಗುತ್ತದೋ ಕೊಳವೆಯ ಮೇಲೆ ಅಲ್ಲಿರುವ ಗೆರೆಯ ಅಂಕಿಯೇ ಸ್ಟೆಬಿಲೈಜರಿನ ಮಟ್ಟ. ಸ್ಟೆಬಿಲೈಜರ್ ಹೆಚ್ಚಿದ್ದಷ್ಟೂ ಚುಕ್ಕೆ ಬೇಗ ಮರೆಯಾಗುತ್ತದೆ.

"ಹೋಯ್ತು," ಎಂದಳು ಅಕ್ಕ.

"ಎಲ್ಲಿ ಹೋಯ್ತು? ನನಗೆ ಕಾಣ್ತಾ ಉಂಟಲ್ಲ," ಎಂದರು ಭಾವ.

"ನಿಮಗೆ ಮೂಗಿನ ಮೇಲಿನ ಕನ್ನಡಕ ಕಾಣುವುದಿಲ್ಲ, ಇದು ಕಾಣ್ತದಾ?"

ಅಲ್ಲಿ ಚುಕ್ಕೆ ಇದೆ ಎಂದು ಗೊತ್ತಿದ್ದರೆ ಕಣ್ಣು ಅದನ್ನು ಬಿಟ್ಟುಕೊಡುವುದಿಲ್ಲ. ಆಕಾಶ ನೋಡಿ, ಮತ್ತೆ ತಟ್ಟನೆ ಕೆಳಗೆ ನೋಡಬೇಕು. ಹಾಗೆ ನೋಡಿ ನಾನು ನಲವತ್ತು ಎಂದು ತೀರ್ಮಾನಿಸಿದೆ. ಬೇಕಾದದ್ದು ಅಷ್ಟೇ. ಮಧ್ಯಾಹ್ನ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರೆ ನೀರು ಹಳದಿಯಾಯಿತು. ಅಂದರೆ ಕ್ಲೋರಿನ್ ಇನ್ನೂ ಇತ್ತು. ಅಕ್ಕ ಆ ಹಳದಿಯನ್ನು ಬಿಸಿಲಿಗೆ ಎತ್ತಿ ಹಿಡಿದು, ಬಂದ ನೆಂಟರಿಗೆ ಬಂಗಾರ ತೋರಿಸಿದ ಹಾಗೆ ತೋರಿಸಿದಳು.

ವಿಷು ಹತ್ತಿರ ಬರುವಾಗ ನೀರು ಮತ್ತೆ ಮಂಕಾಯಿತು. ಪರೀಕ್ಷೆಗೆ ನಿಂತೆ. ಕೊಳವೆ ತುಂಬಿದರೂ ಚುಕ್ಕೆ ಕಪ್ಪಗೆ ನನ್ನನ್ನೇ ನೋಡುತ್ತಿತ್ತು, ಅಂದರೆ ಸ್ಟೆಬಿಲೈಜರ್ ಉಳಿದೇ ಇಲ್ಲ. ಮೊದಲ ಸಲ ನಾನೇ ತಪ್ಪಾಗಿ ಓದಿದೆನೇ, ಸೆಕೆಗೆ ದ್ರಾವಣ ಕೆಟ್ಟಿತೇ ಎಂದು ಲೆಕ್ಕ ಹಾಕುತ್ತಿದ್ದೆ. ಬಿಸಿಲಿಗೆ ಬೆನ್ನು ಹಾಕಲು ಹಿಂದೆ ಹಿಂದೆ ಸರಿದವನ ಕಾಲು ತೆಂಗಿನ ಬುಡದ ಕೆಸರಿನಲ್ಲಿ ಹೂತಿತು. ಅಥವಾ ಕೆಸರು ಮೊದಲು ಕಂಡದ್ದು ಅಕ್ಕನಿಗೋ, ಗೊತ್ತಿಲ್ಲ. ಏಪ್ರಿಲಿನಲ್ಲಿ ಕೆಸರು.

"ಭಾವ, ಈ ನೀರು ಎಲ್ಲಿಯದ್ದು?"

"ಕೊಳದ್ದೇ. ದಿನಾ ಪೈಪಿನಲ್ಲಿ ಸ್ವಲ್ಪ ಮರಗಳಿಗೆ ಬಿಡ್ತೇನೆ, ಕಡಿಮೆಯಾದದ್ದನ್ನು ಬೋರಿನಿಂದ ತುಂಬಿಸ್ತೇನೆ. ಈ ಬೇಸಿಗೆಯಲ್ಲಿ ತೆಂಗು ಒಣಗುವಾಗ ಅಷ್ಟು ನೀರು ಸುಮ್ಮನೆ ನಿಲ್ಲಿಸಿಕೊಂಡು ಕೂತುಕೊಳ್ಳುವುದಾ?"

ಅವರದ್ದು ಈ ಊರಿನವರೆಲ್ಲರ ಸ್ವಭಾವ. ಬಚ್ಚಲಿನ ನೀರನ್ನೂ ನಾವು ಬಾಳೆಬುಡ ತೋರಿಸದೆ ಬಿಡುವುದಿಲ್ಲ. ಆದರೆ ಸ್ಟೆಬಿಲೈಜರ್ ಬಿಸಿಲಿಗೆ ಆವಿಯಾಗಿ ಹೋಗುವಂಥದ್ದಲ್ಲ. ನೀರನ್ನು ಹೊರಗೆ ಬಿಟ್ಟರೆ ಅದರ ಜೊತೆ ಹೋಗುತ್ತದೆ. ನಾನಿದನ್ನು ವಿವರಿಸಿದಾಗ ಅಕ್ಕ ಗಂಡನ ಕಡೆ ತಿರುಗಿದಳು.

"ಹಾಗಾದರೆ ನನ್ನ ಮದ್ದನ್ನೆಲ್ಲ ತೆಂಗಿಗೆ ಕುಡಿಸಿದಿರಿ. ಇನ್ನು ಆ ಮರಗಳಿಗೆ ಬಿಸಿಲು ತಾಗಲಿಕ್ಕಿಲ್ಲ."

ಭಾವ ನಗಲಾರದೆ ನಕ್ಕರು. ಒಳಗೆ ಹೋಗಿ ಜೋಡಿಯ ಇನ್ನೊಂದು ಕಾಲುಚೀಲವನ್ನು ತಾವೇ ತಂದುಕೊಟ್ಟರು. ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಅಂದಿನಿಂದ ಕಾಲುಚೀಲ ಹಿಂಡುವ ಕೆಲಸ ಅವರದಾಯಿತು.

ವಿಷುವಿನ ದಿನ ಊಟವಾದ ಮೇಲೆ ಹನಿ ಹಾಕಿ ನೋಡಿದೆವು. ನೀರು ಹಳದಿ. ಬಸಳೆಯ ಮಾತು ಯಾರೂ ಎತ್ತಲಿಲ್ಲ. ಅಕ್ಕ ನೀರಿಗಿಳಿದಳು. ಅವಳು ಆ ಬದಿ ಮುಟ್ಟುವಾಗ ನಾನು ಕೊಳದ ಅಂಚಿನಲ್ಲಿ ಕುಣಿದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಚಾವಡಿಯಲ್ಲಿ ಗೊರಕೆ ಹೊಡೆಯುತ್ತಿದ್ದೆ ಎನ್ನುತ್ತಾಳೆ ಅಕ್ಕ. "ನಡುವಿನಲ್ಲಿ ಒಮ್ಮೆ ಕಾಲೂರಿದ್ದಾಳೆ, ನಾನು ನೋಡಿದ್ದೇನೆ," ಎಂದು ಭಾವ ಪ್ರತಿ ವಿಷುವಿಗೂ ಕೆಣಕುತ್ತಾರೆ. ಅಕ್ಕ ಪ್ರತಿ ಸಲವೂ ಸಿಟ್ಟಾಗುತ್ತಾಳೆ.

ಭಾವ ಅಂದು ತೆಗೆದಿದ್ದ ವಿಡಿಯೋ ಅವರ ಹಳೆಯ ಫೋನಿನಲ್ಲಿ ಆಮೇಲೆ ಸಿಕ್ಕಿತು. ನಿಲ್ಲಿಸಿ ನಿಲ್ಲಿಸಿ ನೋಡಿದೆ. ನಾನು ಅದರಲ್ಲಿ ಎಲ್ಲಿಯೂ ಇಲ್ಲ. ತಳದ ಟೈಲ್ಸ್‌ನ ಗೆರೆಗಳೂ ಕಾಣುವಷ್ಟು ನೀರು ತಿಳಿಯಾಗಿದೆ, ಈ ಬದಿಯಿಂದ ಆ ಬದಿಯವರೆಗೆ ಅಕ್ಕನ ಕಾಲು ತಳಕ್ಕೆ ತಾಗಿಲ್ಲ.