ಅವ್ವ ಹೊತ್ತ ಕಲ್ಲಿನ ಶಾಲೆ

ಹಳಿಯಾಳ ತಾಲೂಕಿನ ನಮ್ಮೂರ ಮಿಶನ್ ಶಾಲೆಯಲ್ಲೇ ನಾನು ಓದಿದೆ. ಈಗ ಅಲ್ಲಿಯೇ ಕನ್ನಡ ಕಲಿಸುತ್ತೇನೆ. ಕೆಂಪು ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಉದ್ದನೆಯ ಪಡಸಾಲೆಗೆ ಏಳು ಕಮಾನು. ಇದನ್ನು ಫಾದರ್ ಕಟ್ಟಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಕಲ್ಲು ಹೊತ್ತವರು ಸಿದ್ದಿ ಕೇರಿಯ ಹೆಂಗಸರು. ಆಗಿನ್ನೂ ಮದುವೆಯಾಗದ ನನ್ನ ಅವ್ವನೂ ಅವರಲ್ಲಿ ಒಬ್ಬಳು.

ಹೋದ ಮಳೆಗಾಲದಲ್ಲಿ ನನ್ನ ಏಳನೇ ತರಗತಿಯ ಗೋಡೆ ನೆನೆದು ಗಿಲಾವು ಕಳಚಿ ಬಿತ್ತು. ಮಕ್ಕಳನ್ನು ಚರ್ಚಿನ ಸಭಾಂಗಣಕ್ಕೆ ಕಳಿಸಿದೆವು. ನೋಡಲು ಬಂದ ಇಂಜಿನಿಯರು ಕೀಲಿಕೈಯಿಂದ ಗೋಡೆ ಕೆರೆದು, "ಇದಕ್ಕ ಗಟ್ಟಿ ಪಾಯಾ ಇಲ್ಲ. ಇಡೀ ಸಾಲು ಕೆಡವಿಬಿಡ್ರಿ" ಅಂದರು. ವಾರದೊಳಗೆ ಶಿಕ್ಷಕರ ಸಭೆಯಲ್ಲಿ ಕೆಡವುವ ಠರಾವು ಬರೆದದ್ದೂ ಆಯಿತು.

"ನಿಮ್ಮದೊಂದ ಸಹಿ ಬಾಕಿ ಐತಿ ಟೀಚರ್," ಎಂದರು ಹೆಡ್‌ಮಿಸ್ಟ್ರೆಸ್ ಸಿಸ್ಟರ್.

"ನಾ ಹಾಕೂದಿಲ್ರಿ ಸಿಸ್ಟರ್. ಮೊದಲ ಅಗದು ನೋಡೂಣು. ಆ ಪಾಯಾದಾಗ ನಮ್ಮವ್ವ ನಿಂತು ಕಲ್ಲು ಕೊಟ್ಟಾಳ."

ಶನಿವಾರ ಇಂಜಿನಿಯರನ್ನು ಕರೆಸಿ ಅಗೆಸಿ ನೋಡಲು ಸಿಸ್ಟರ್ ಒಪ್ಪಿದರು.

ಆ ದಿನ ಅವ್ವನನ್ನು ಶಾಲೆಗೆ ಕರೆದುಕೊಂಡು ಹೋದೆ. ಸಿಸ್ಟರೂ ಇಂಜಿನಿಯರೂ ಆಗಲೇ ಬಂದಿದ್ದರು. ಇಂಜಿನಿಯರು ಕುರ್ಚಿ ತೋರಿಸಿ, "ಕುಂದರ್ರಿ ಅಜ್ಜಿ" ಅಂದರು.

"ಕುಂದ್ರಾಕ ಬಂದಿಲ್ಲ ನಾ," ಎಂದಳು ಅವ್ವ. ಗೋಡೆಯ ಬುಡದಲ್ಲಿ ಒಂದು ಜಾಗ ತೋರಿಸಿದಳು. "ಇಲ್ಲಿ ಅಗೀರಿ. ನನ್ನ ಎದಿಮಟ ತೆಗ್ಗು ಇತ್ತು. ತಳಕ್ಕ ಕರಿಕಲ್ಲು."

ಇಬ್ಬರು ಆಳುಗಳು ಅಗೆದರು. ಸೊಂಟದ ಆಳಕ್ಕೂ ಚಿರೆಕಲ್ಲೇ, ಕರಿಕಲ್ಲು ಕಾಣಲಿಲ್ಲ. ಇಂಜಿನಿಯರು ನನ್ನ ಕಡೆ ನೋಡಿ ನಕ್ಕರು. ಇನ್ನೊಂದು ಮೊಳ ಇಳಿಯುವಷ್ಟರಲ್ಲಿ ಹಾರೆ ಠಣ್ ಎಂದಿತು. ಕರಿಕಲ್ಲು, ಒಂದೂ ಅಲುಗಿರಲಿಲ್ಲ.

ಅಷ್ಟರಲ್ಲಿ ಅವ್ವ ಮೇಲೆ ನೋಡುತ್ತಿದ್ದಳು. ಪಕ್ಕದಲ್ಲಿ ಮಿಶನ್ನಿನವರೇ ಕಟ್ಟಿಸಿದ ಹೊಸ ಕಟ್ಟಡದ ತಾರಸಿ ಪೈಪು ನೇರ ನಮ್ಮ ಹಂಚಿನ ಮೇಲೆ ಬಾಯಿ ತೆರೆದಿತ್ತು.

"ನಿಮ್ಮ ಮಾಳಗಿ ನೀರು ನಮ್ಮ ಗ್ವಾಡಿ ಮ್ಯಾಲ ಬಿಟ್ಟು, ಗ್ವಾಡಿ ಕೆಟ್ಟೈತಿ ಅಂತೀರೇನು?"

ಸಿಸ್ಟರ್ ತಲೆಯೆತ್ತಿ ಆ ಪೈಪನ್ನು ನೋಡಿದರು. ಠರಾವಿನ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

ಪೈಪು ತಿರುಗಿಸಿದರು, ಒಡೆದ ಹಂಚು ಬದಲಿಸಿದರು. ತುದಿಯ ಕೊಠಡಿ ಮಾತ್ರ ಉಳಿಯಲಿಲ್ಲ. ಅದರ ತೊಲೆಯನ್ನು ನಿಜಕ್ಕೂ ಗೆದ್ದಲು ತಿಂದಿತ್ತು. ಉಳಿದ ಸಾಲು ನಿಂತಿತು.

ಸಭೆಯಲ್ಲಿ ಎದುರು ಮಾತಾಡಿದ್ದಕ್ಕೆ ಆಡಳಿತ ಮಂಡಳಿಯಿಂದ ನನಗೆ ನೋಟಿಸು ಬಂತು. ಕ್ಷಮೆ ಕೇಳಿ ಬರೆದುಕೊಡು, ಮುಗಿದುಹೋಗುತ್ತದೆ ಎಂದು ಜೊತೆಯವರು ಬುದ್ಧಿ ಹೇಳಿದರು. ನಾನು ಒಂದೇ ಸಾಲು ಬರೆದೆ: "ನಾನು ಮಾತಾಡಿದ್ದು ನಿಜ, ಮುಂದೆಯೂ ಮಾತಾಡುತ್ತೇನೆ."